ವರ್ಲಿನ್ ಬರೆದ ಒಂಬತ್ತು

ವರ್ಲಿನ್ ಸ್ಟಿಡಮ್ ತನ್ನ ಜೀವಮಾನದಲ್ಲಿ ಸುಳ್ಳು ಅಂಕ ಬರೆದದ್ದು ಒಂದೇ ಸಲ. ಅದನ್ನೂ ತಂಗಿಗೋಸ್ಕರ ಬರೆದ.

ಕೆಂಟಕಿಯ ಪೂರ್ವದ ಬೆಟ್ಟಸೀಮೆಯಲ್ಲಿ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ತಿರುಗಬೇಕಾದರೆ ಆಗೆಲ್ಲ ಪರವಾನಗಿ ಬೇಕಿತ್ತು. ಪರವಾನಗಿ ಬೇಕಾದರೆ ವರ್ಲಿನ್‌ನ ಮುಂದೆ ಒಂದು ಶನಿವಾರವಿಡೀ ಕೈಕಟ್ಟಿ ಕೂರಬೇಕಿತ್ತು. ಗಣಿ ಮುಚ್ಚಿದ ಮೇಲೆ ಹಿಡಿದ ಈ ಕಸುಬನ್ನು ಅವನು ಹತ್ತೊಂಬತ್ತು ವರ್ಷ ಮಾಡಿದ. ಅಗ್ನಿಶಾಮಕದವರ ಹಾಲ್‌ನಲ್ಲಿ ಮಡಚುವ ಕುರ್ಚಿ ಹಾಕಿ ಬೆಳಿಗ್ಗೆಯೆಲ್ಲ ಕಾನೂನು ಓದಿಸುವುದು, ಮಧ್ಯಾಹ್ನ ಬೇಯಿಸಿದ ಬೀನ್ಸ್ ಕಾಳು ಮತ್ತು ಮೆಕ್ಕೆಜೋಳದ ಬ್ರೆಡ್ಡು, ಆಮೇಲೆ ಗುಡ್ಡದ ಬುಡದಲ್ಲಿ ಗುರಿ ಪರೀಕ್ಷೆ. ಏಳು ಗಜ ದೂರದ ಕಾಗದದ ಮನುಷ್ಯನಿಗೆ ಇಪ್ಪತ್ತರಲ್ಲಿ ಹನ್ನೊಂದು ಗುಂಡು ತಗುಲಿದರೆ ಪಾಸು. ಹತ್ತು ತಗುಲಿದರೆ ಫೇಲು, ಯಾರ ಮುಲಾಜೂ ಇಲ್ಲ. ತಮ್ಮ ಚರ್ಚಿನ ಬೋಧಕರನ್ನೇ ಎರಡು ಸಲ ಮನೆಗೆ ಕಳಿಸಿದ ಆಸಾಮಿ ಅವನು. ಆ ಭಾನುವಾರಗಳಲ್ಲಿ ಬೋಧನೆ ಸ್ವಲ್ಪ ಉದ್ದವಾಯಿತು, ಅಷ್ಟೆ.

ತಂಗಿ ರುಥೀನಳ ಗಂಡ ಓಡೆಲ್ ಗಣಿಯಲ್ಲಿ ಅವನ ಜೊತೆಗೇ ದುಡಿದವನು. ಅರವತ್ತೆಂಟು ತುಂಬಿದ ಮೇಲೆ ಪರವಾನಗಿ ನವೀಕರಿಸುವುದನ್ನು ಮರೆತ. ಗಡುವು ಕಳೆದುಹೋದದ್ದರಿಂದ ಹೊಸದಾಗಿ ಪರೀಕ್ಷೆಗೆ ಕೂರಬೇಕಾಯಿತು. ಅದರ ಹಿಂದಿನ ದಿನ ರುಥೀನ್ ಅಣ್ಣನ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತಳು.

"ಅಣ್ಣಾ, ಮೊನ್ನೆ ಪೆಟ್ರೋಲ್ ಬಂಕ್‌ನಲ್ಲಿ ಕಾಫಿ ತಗೊಂಡು ಬಂದು ಗಾಡಿ ಹತ್ತಿದೆ. ಅವರು ನನ್ ಮುಖಾನೇ ನೋಡ್ತಾ, 'ಯಾರಮ್ಮ ನೀನು, ನನ್ ಗಾಡೀಲಿ ಯಾಕ್ ಕೂತಿದೀಯ, ಇಳಿ' ಅಂದ್ರು."

"ತಮಾಷೆ ಮಾಡಿರ್ತಾನೆ ಬಿಡು."

"ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ, ಅವರ ತಮಾಷೆ ಯಾವ್ದು ಅಂತ ನಂಗೊತ್ತಿಲ್ವಾ? ಇಳಿದು ನಿಂತ್ಕೊಂಡೆ. ಸ್ವಲ್ಪ ಹೊತ್ತಾದ್ಮೇಲೆ, 'ಬಿಸಿಲಲ್ಲಿ ಯಾಕ್ ನಿಂತಿದೀಯೇ' ಅಂತ ಅವರೇ ಕರೆದ್ರು. ಆವತ್ತು ಅವರ ಹತ್ರ ಪಿಸ್ತೂಲು ಇರ್ಲಿಲ್ಲ. ಇದ್ದಿದ್ರೆ?"

ವರ್ಲಿನ್ ಅವಳ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದ.

"ಮನೇಲಿದ್ದ ಬಂದೂಕೆಲ್ಲ ರಿಪೇರಿಗೆ ಅಂತ ಹೇಳಿ ನಿನ್ ಶೆಡ್ಡಿಗೆ ಸಾಗಿಸಿದೀನಿ. ಡಾಕ್ಟ್ರ ಹತ್ರ ಬನ್ನಿ ಅಂದ್ರೆ, ನಂಗೇನ್ ರೋಗ ಅಂತಾರೆ. ಪರವಾನಗಿ ಕಾಗದ ಇಲ್ಲ ಅಂದ್ರೆ ಮಾತ್ರ ಅವರು ಪಿಸ್ತೂಲು ಮುಟ್ಟೋರಲ್ಲ. ಅಷ್ಟು ನೋಡ್ಕೋ."

ಓಡೆಲ್ ನಿಜಕ್ಕೂ ಅಂಥವನೇ. ಸರ್ಕಾರದ ಪರವಾನಗಿ ಕಾಗದವಿಲ್ಲದೆ ಹೊಳೆಯಲ್ಲಿ ಒಂದು ಮೀನೂ ಹಿಡಿದವನಲ್ಲ.

ಮರುದಿನ ಅವನು ವರ್ಲಿನ್‌ನ ಪಿಸ್ತೂಲಿನಿಂದ ಇಪ್ಪತ್ತರಲ್ಲಿ ಹದಿನಾಲ್ಕು ಹೊಡೆದ. ಕೈಗೆ, ಕಣ್ಣಿಗೆ ಏನೂ ಆಗಿರಲಿಲ್ಲ. ಹೆಂಡತಿಯ ಗುರುತು ಹತ್ತುತ್ತದೆಯೇ ಎಂದು ಕೇಳುವ ಜಾಗ ಸರ್ಕಾರದ ಆ ಹಾಳೆಯಲ್ಲಿ ಇರಲಿಲ್ಲ. ವರ್ಲಿನ್ ಕಾಗದದ ಮನುಷ್ಯನನ್ನು ಬೇಗಬೇಗ ಮಡಚಿ ಜೇಬಿಗೆ ತುರುಕಿ, ಒಂಬತ್ತು ಎಂದು ಬರೆದ.

"ಒಂಬತ್ತಾ? ನಿನ್ ಕನ್ನಡಕ ಬದಲಾಯಿಸ್ಕೋ ಭಾವ," ಎಂದ ಓಡೆಲ್. "ಇರ್ಲಿ, ಇನ್ನೊಂದ್ಸಲ ಬರ್ತೀನಿ." ಬರುವುದನ್ನು ಮರೆತ.

ಅದರ ಮರುವರ್ಷ ರಾಜಧಾನಿಯಲ್ಲಿ ಶಾಸಕರು ಕಾನೂನು ಬದಲಿಸಿದರು. ಜೂನ್ ಕೊನೆಯಿಂದ ಪರವಾನಗಿ ಬೇಡ, ಪರೀಕ್ಷೆ ಬೇಡ. ಇಪ್ಪತ್ತೊಂದು ತುಂಬಿ, ಬಂದೂಕು ಇಟ್ಟುಕೊಳ್ಳಲು ಕಾನೂನಿನ ತಡೆ ಇಲ್ಲದವರು ಯಾರು ಬೇಕಾದರೂ ಅಂಗಿಯೊಳಗೆ ಇಟ್ಟುಕೊಂಡು ತಿರುಗಬಹುದು. ವರ್ಲಿನ್ ಅದಕ್ಕೆ ಅಡ್ಡ ಮಾತಾಡಿದವನೇನಲ್ಲ. ಹಕ್ಕಿಗೆ ಕಾಗದ ಯಾಕ್ರಯ್ಯ ಎಂದು ಎಷ್ಟೋ ಶನಿವಾರ ಅವನೇ ಭಾಷಣ ಬಿಗಿದಿದ್ದ. ಜುಲೈನ ಮೊದಲ ಶನಿವಾರ ಹಾಲ್‌ಗೆ ಯಾರೂ ಬರಲಿಲ್ಲ. ಹಾಕಿದ ಕುರ್ಚಿಗಳನ್ನು ಮತ್ತೆ ಮಡಚಿ, ಒಬ್ಬನೇ ಕೂತು ಬ್ರೆಡ್ಡು ತಿಂದ. ಬೇಜಾರಾಗಬೇಕಿತ್ತು, ಆಗಲಿಲ್ಲ. ತಂಗಿ ಫೋನ್ ಮಾಡಿದಾಗಲೂ ಹಾಗೇ.

"ಅಣ್ಣಾ, ಪೇಟೆಗೆ ಹೋಗಿ ಹೊಸ ರಿವಾಲ್ವರ್ ತಂದಿದಾರೆ. ಎಲ್ಲಿಟ್ಕೊಂಡಿದಾರೋ ಕಾಣ್ಸಲ್ಲ. ನಿನ್ ಒಂಬತ್ತು ಈಗ ಏನ್ ಮಾಡುತ್ತೆ?"

"ಏನೂ ಮಾಡಲ್ಲ," ಎಂದ.

ಆಗಸ್ಟ್ ಎರಡನೇ ಭಾನುವಾರ ಅವರ ಚರ್ಚಿನಲ್ಲಿ ಪಾದ ತೊಳೆಯುವ ದಿನ. ಗಂಡಸರು ಗಂಡಸರ, ಹೆಂಗಸರು ಹೆಂಗಸರ ಪಾದ ತೊಳೆಯುತ್ತಾರೆ. ವರ್ಷವಿಡೀ ಬೇಲಿಗಾಗಿ ಕಚ್ಚಾಡಿದವರು ಸೊಂಟಕ್ಕೆ ಟವೆಲ್ ಸುತ್ತಿ, ಮೊಣಕಾಲೂರಿ, ಒಬ್ಬರ ಪಾದ ಹಿಡಿದು ಒಬ್ಬರು ಅಳುತ್ತಾರೆ. ಸೋಮವಾರದಿಂದ ಮತ್ತೆ ಬೇಲಿ. ವರ್ಲಿನ್ ಪ್ರತಿವರ್ಷ ಓಡೆಲ್‌ನ ಪಾದವನ್ನೇ ತೊಳೆಯುವುದು.

ಎಡಗಾಲು ತೊಳೆದು ಒರೆಸಿದ. ಬಲಗಾಲಿನ ಪ್ಯಾಂಟ್ ಮೇಲೆತ್ತಿದರೆ ಕಣಕಾಲಿನ ಹತ್ತಿರ ಚರ್ಮದ ಪಟ್ಟಿ, ಅದರಲ್ಲಿ ಪುಟ್ಟ ರಿವಾಲ್ವರ್. ಅಕ್ಕಪಕ್ಕದವರು ನೋಡಿದರು, ಹಾಡು ನಿಲ್ಲಿಸಲಿಲ್ಲ. ಓಡೆಲ್ ಕೂಡ ಬಗ್ಗಿ ನೋಡಿದ.

"ಇದನ್ನ ಯಾರ್ ಕಟ್ಟಿದ್ದು ಭಾವ?" ಎಂದು ಮೆಲ್ಲಗೆ ಕೇಳಿದ.

"ನೀನೇ ಕಟ್ಕೊಂಡಿರ್ತೀಯ."

"ನಾನಾ?"

ವರ್ಲಿನ್ ಪಟ್ಟಿ ಬಿಚ್ಚಿ, ಐದೂ ಗುಂಡು ತೆಗೆದು ಜೇಬಿಗೆ ಹಾಕಿಕೊಂಡು, ರಿವಾಲ್ವರನ್ನು ಬೆಂಚಿನ ಕೆಳಗೆ ಇಟ್ಟ. ಆಮೇಲೆ ಬಲಗಾಲನ್ನೂ ತೊಳೆದ. ಹೆಂಗಸರ ಸಾಲಿನಿಂದ ರುಥೀನ್ ನೋಡುತ್ತಿದ್ದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದಿಷ್ಟು ನಿರಾಳ ಕಂಡಿತು.

ಅದು ಅಂಗಳದವರೆಗೆ ಮಾತ್ರ ಉಳಿಯಿತು. ವರ್ಲಿನ್ ರಿವಾಲ್ವರನ್ನು ಜೇಬಿಗಿಳಿಸಿಕೊಂಡು ಗಾಡಿಯ ಹತ್ತಿರ ಬರುವಷ್ಟರಲ್ಲಿ ಓಡೆಲ್‌ಗೆ ಎಲ್ಲ ನೆನಪಾಗಿತ್ತು. "ನನ್ ರಿವಾಲ್ವರ್ ಕೊಡು ಭಾವ."

"ನನ್ ಹತ್ರ ಇರ್ಲಿ ಬಿಡು."

"ಯಾವ್ ಕಾನೂನು ಹಂಗನ್ನುತ್ತೆ?"

ಊಟದ ತಟ್ಟೆ ಹಿಡಿದ ಹತ್ತು ಹನ್ನೆರಡು ಜನ ತಿರುಗಿ ನೋಡಿದರು. "ಅವನದ್ದು ಅವನಿಗೆ ಕೊಡಪ್ಪ ವರ್ಲಿನ್. ನಿನ್ ಪರೀಕ್ಷೆ ಮುಗೀತಲ್ಲ," ಎಂದರು ಬೋಧಕರು, ನಗುತ್ತಲೇ. ಓಡೆಲ್‌ನ ತಲೆ ಸರಿಯಿಲ್ಲ ಎಂದು ಅಷ್ಟು ಜನರ ಎದುರು ಹೇಳಬೇಕಿತ್ತು. ವರ್ಲಿನ್ ಬಾಯಿ ತೆರೆದ. ಹೇಳಬೇಡ ಎನ್ನುವಂತೆ ರುಥೀನ್ ತಲೆ ಅಲ್ಲಾಡಿಸಿದಳು. ಅವನು ರಿವಾಲ್ವರ್ ಕೊಟ್ಟುಬಿಟ್ಟ. ಗುಂಡುಗಳನ್ನು ಮಾತ್ರ ಕೊಡಲಿಲ್ಲ.

ಓಡೆಲ್ ಗಾಡಿಯ ಖಾನೆಯಿಂದ ಗುಂಡಿನ ಡಬ್ಬಿ ತೆಗೆದು, ಹತ್ತಿ ಕೂತು, ತುಂಬಲು ಶುರುಮಾಡಿದ. ಎರಡು ಗುಂಡು ಜಾರಿ ತೆರೆದ ಬಾಗಿಲಿಂದ ಜಲ್ಲಿಯ ಮೇಲೆ ಬಿದ್ದವು. ಪರೀಕ್ಷೆಯಲ್ಲಿ ಗುಂಡು ಬಿದ್ದರೆ ಪಿಸ್ತೂಲು ಹಿಡಿದವನು ಬಗ್ಗುವಂತಿಲ್ಲ, ಮೇಷ್ಟ್ರೇ ಹೆಕ್ಕಿಕೊಡಬೇಕು. ವರ್ಲಿನ್ ಬಗ್ಗಿದ. ಎರಡನ್ನೂ ಹೆಕ್ಕಿ, ಅಂಗಿಗೆ ಒರೆಸಿ, ಓಡೆಲ್‌ನ ಅಂಗೈಗೆ ಹಾಕಿದ. ಅವು ಒಳಗೆ ಹೋದ ಮೇಲೆ ತಾನೇನು ಮಾಡಿದೆ ಎಂದು ಅವನಿಗೆ ಗೊತ್ತಾಯಿತು. ಗೊತ್ತಾದರೂ ಎದೆಯಲ್ಲಿ ಏನೂ ಆಗಲಿಲ್ಲ, ಮರಗಟ್ಟಿದ ಹಾಗಿತ್ತು.

"ನನ್ ಗಾಡೀಲಿ ಬಾ," ಎಂದ ತಂಗಿಗೆ.

"ಅವರೊಬ್ರೇ ಹೋದ್ರೆ ದಾರಿ ತಪ್ತಾರೆ ಅಣ್ಣ."

ರುಥೀನ್ ಆ ಕಡೆಯಿಂದ ಹೋಗಿ ಹತ್ತಿ ಕೂತು, ಬಾಗಿಲು ಹಾಕಿಕೊಂಡಳು. ಓಡೆಲ್ ಅವಳ ಕಡೆ ತಿರುಗಿ, ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಅವಳು ಕದಲಲಿಲ್ಲ. ಆಮೇಲೆ ಅವನು ಗಾಡಿ ಸ್ಟಾರ್ಟ್ ಮಾಡಿದ.