ಸೀಟಿ ಊದಿದ ಮೇಲೆ ಉಡಿ ತುಂಬಿಸಿದ ಕಾಕು

ಮೊನ್ನೆ ಮಗಳ ಸೈಕಲ್ಲು ಪಂಕ್ಚರ್ ಆಗಿ ಬಾಗಲಕೋಟೆಯ ನವನಗರದ ಅಂಗಡಿಯೊಂದರ ಮುಂದೆ ಕಾಯುತ್ತ ಕುಳಿತಿದ್ದೆ. ಅಂಗಡಿಯಾತ ಟ್ಯೂಬನ್ನು ಉಜ್ಜಿ ಸೊಲ್ಯೂಷನ್ ಸವರಿದ. ಆ ರಬ್ಬರಿನ ಘಾಟು ಮೂಗಿಗೆ ಬಡಿದದ್ದೇ ತಡ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ನಮ್ಮ ಎದುರುಮನೆ ಕಾಕು ನೆನಪಾದರು. ಹಾಗೆ ನೋಡಿದರೆ ಕಾಕು ಜನ್ಮದಲ್ಲಿ ಸೈಕಲ್ ಮುಟ್ಟಿದವರಲ್ಲ. ಆದರೂ ಟ್ಯೂಬಿನ ವಾಸನೆ ಬಂದಾಗಲೆಲ್ಲ ನನಗೆ ಅವರ ಬೈಗುಳ ಕೇಳಿಸುತ್ತದೆ.

ಎರಡು ಸಾವಿರದ ಐದಾರರ ಸುಮಾರಿನ ಮಾತು. ನಾನಾಗ ಕಾಲೇಜು ಹುಡುಗಿ. ನಮ್ಮ ಕಡೆ ಸೈಕಲ್ ಓಟದ ಹುಚ್ಚು ಮೊದಲಿನಿಂದಲೂ ಇದ್ದದ್ದೇ. ಚೆನ್ನಾಗಿ ತುಳಿಯುತ್ತೇನೆಂದು ಊರಿನ ಸಂಘವೊಂದು ನನಗೆ ಓಟದ ಸೈಕಲ್ ಕೊಟ್ಟಿತ್ತು. ಕೆಂಪು ಬಣ್ಣದ್ದು, ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. ಅದನ್ನು ಹಾಸಿಗೆಯ ಪಕ್ಕದಲ್ಲೇ ನಿಲ್ಲಿಸಿಕೊಂಡು ಮಲಗುತ್ತಿದ್ದೆ. ಆ ವರ್ಷ ನಮ್ಮ ತರಬೇತಿಯ ಸರ್‌ಗೆ ಹೊಸ ಹುರುಪು ಬಂತು. ಈಜು, ಸೈಕಲ್, ಓಟ ಮೂರೂ ಕೂಡಿದ ಟ್ರಯಥ್ಲಾನಿಗೆ ಇಳಿಯಬೇಕು ಅಂದರು. ಸೈಕಲ್ಲಿನಲ್ಲಿ ನಾನು ಹುಡುಗರನ್ನೂ ಹಿಂದೆ ಹಾಕುತ್ತಿದ್ದೆ, ಓಟವೂ ಅಡ್ಡಿಯಿರಲಿಲ್ಲ. ಈಜು ಮಾತ್ರ ಕೊಳದಲ್ಲಿ ಹೇಗೋ ದಡ ಮುಟ್ಟುವಷ್ಟು ಬರುತ್ತಿತ್ತು. ಊರಂಚಿನ ತನಕ ನಿಂತ ಅಣೆಕಟ್ಟಿನ ಹಿನ್ನೀರಿಗೆ ಇಳಿದು, ಸುತ್ತಲೂ ಮಂದಿ ಕೈಕಾಲು ಬಡಿಯತೊಡಗಿದರೆ ಉಸಿರೇ ಕಟ್ಟಿದಂತಾಗುತ್ತಿತ್ತು. ಆ ಹಂಗಾಮಿನ ಮೊದಲೆರಡು ಸ್ಪರ್ಧೆಗಳಲ್ಲೂ ನನ್ನನ್ನು ನೀರಿನಿಂದ ಎತ್ತಿ ದೋಣಿಗೆ ಹಾಕಿಕೊಂಡರು.

ಸರ್ ಕರೆದು ಹೇಳಿದರು, "ಇನ್ನ ಕಡೇದೊಂದೈತಿ ನೋಡವಾ. ಅದರಾಗೂ ದೋಣಿ ಹತ್ತಿದಿ ಅಂದ್ರ ಸೈಕಲ್ ತಂದು ಇಟ್ಟುಬಿಡು. ಇನ್ನೊಬ್ಬಾಕಿ ಹುಡುಗಿ ಕಾಯಾಕತ್ತಾಳ." ಸಿಟ್ಟಿನಿಂದ ಹೇಳಲಿಲ್ಲ, ನ್ಯಾಯವಾಗಿಯೇ ಹೇಳಿದರು. ಅದಕ್ಕೇ ಮತ್ತಷ್ಟು ಅಳು ಬಂತು.

ಮರುದಿನ ಹಳೆಯ ಟ್ಯೂಬೊಂದಕ್ಕೆ ಗಾಳಿ ತುಂಬಿ, ಕೊರಳಿಗೆ ಹಾಕಿಕೊಂಡು ಹಿನ್ನೀರಿಗೆ ಹೊರಟಿದ್ದೆ. ಎದುರುಮನೆ ಕಾಕು ಅಂಗಳಕ್ಕೆ ನೀರು ಹಾಕುತ್ತಿದ್ದವರು ಕೊಡ ಇಳಿಸಿ ನನ್ನನ್ನು ತಡೆದು ನಿಲ್ಲಿಸಿದರು. ಕಾಕು ಎಂದರೆ ದಪ್ಪ ದೇಹ, ಇಳಕಲ್ ಸೀರೆ, ಇಡೀ ಓಣಿಗೆ ಕೇಳುವ ಬಾಯಿ. ನನ್ನ ಕಥೆಯನ್ನೆಲ್ಲ ಕೇಳಿ ಟ್ಯೂಬಿನ ಕಡೆ ಕೈ ಮಾಡಿದರು. "ಅದನ್ನ ಕಟ್ಟಿಕೊಂಡ್ರ ಟ್ಯೂಬ್ ಈಸತೈತಿ, ನೀ ಎಲ್ಲಿ ಈಸ್ತಿ? ಅಲ್ಲಿ ಇಡು ಅದನ್ನ. ನಾ ಬರ್ತೇನಿ ನಡಿ."

ಕಾಕು ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯಲ್ಲಿ, ಹೊಳೆಯ ಹತ್ತಿರದ ಓಣಿಯಲ್ಲಿ. ಸಣ್ಣಾಕೆಯಿದ್ದಾಗ ಅಣ್ಣಂದಿರ ಜೊತೆ ಘಟಪ್ರಭೆಯನ್ನು ಈಸಿ ದಾಟುತ್ತಿದ್ದರಂತೆ. ಆ ಓಣಿ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಎಲ್ಲರಂತೆ ಅವರೂ ನವನಗರಕ್ಕೆ ಬಂದಿದ್ದರು. ಆದರೆ ಈಜು ಬಿಟ್ಟದ್ದು ಅದಕ್ಕೂ ಬಹಳ ಮೊದಲು.

"ಲಗ್ನ ಆದಮ್ಯಾಲ ಬಿಟ್ಟೆ. ಗಂಡನ ಮನ್ಯಾಗ ಸೊಸಿ ಈಸಾಕ ಹೋಗ್ತಾಳೇನು?" ಎಂದು ನಕ್ಕಿದ್ದರು. ಹಾಗೆ ಹೇಳುವಾಗ ನನ್ನ ಕಡೆ ನೋಡದೆ ನೀರಿನ ಕಡೆಗೇ ನೋಡುತ್ತಿದ್ದರು...

ಅಲ್ಲಿಂದ ದಿನಾ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಕಾಕು ನನ್ನ ಜೊತೆ ಬರತೊಡಗಿದರು. ತಮ್ಮದೊಂದು ಹಳೆಯ ಇಳಕಲ್ ಸೀರೆಯ ಒಂದು ತುದಿಯನ್ನು ನನ್ನ ನಡುವಿಗೆ ಬಿಗಿದು, ಇನ್ನೊಂದನ್ನು ತಮ್ಮ ಮುಂಗೈಗೆ ಸುತ್ತಿಕೊಂಡು ನಡುಮಟ್ಟ ನೀರಿನಲ್ಲಿ ನಿಲ್ಲುತ್ತಿದ್ದರು. ದಡದಲ್ಲಿ ಹೋಗುವವರು "ಕಾಕು ಎಮ್ಮಿ ಮೈ ತೊಳ್ಯಾಕ ತಂದಾರ" ಎಂದು ಆಡಿಕೊಂಡರು. ಕಾಕು ತಿರುಗಿ ಏನೆಂದರೆಂಬುದನ್ನು ಇಲ್ಲಿ ಬರೆಯಲಾಗದು. ನಾನು ಮುಳುಗಿದರೆ ಸೀರೆ ಜಗ್ಗಿ ಎತ್ತುವುದು, ತೇಲಿದರೆ ಬೈಯುವುದು, ಇದೇ ಅವರ ಪಾಠ. "ಕಾಲು ಯಾಕ ಅಷ್ಟ ಬಡೀತಿ? ನೀರ ನಿನಗೇನ ಮಾಡೇತಿ?" ಅನ್ನುತ್ತಿದ್ದರು. ನಾನು ಒಮ್ಮೆ, "ನೀವೂ ಈಸ್ರಿ ಕಾಕು, ನೋಡಿ ಕಲೀತೇನಿ" ಅಂದೆ. ಈ ವಯಸ್ಸಿನಲ್ಲಿ ಈಸಿದರೆ ಮಂದಿ ನಗುತ್ತಾರೆ ಅಂದರು. ಮಂದಿಗೆ ಅಂಜುವ ಹೆಂಗಸೇ ಅಲ್ಲ ಅವರು. ನನಗೆ ಆಶ್ಚರ್ಯವಾಯಿತು, ಆದರೆ ಕೆದಕಲಿಲ್ಲ.

ಸ್ಪರ್ಧೆಯ ದಿನ ಚಳಿಯಿತ್ತು. ನೀರಿನಲ್ಲಿ ಒಂದು ಸುತ್ತು ಈಸಿ ಬಂದು, ತುಳಸಿಗೇರಿಯವರೆಗೆ ಸೈಕಲ್ ತುಳಿದು ವಾಪಸಾಗಿ, ಆಮೇಲೆ ದಡದ ರಸ್ತೆಯಲ್ಲಿ ಓಡಿ ಹೊರಟಲ್ಲಿಗೇ ಬಂದು ಮುಟ್ಟಬೇಕು. ಹುಡುಗರೆಲ್ಲ ಸಾಲಾಗಿ ನಿಂತಿದ್ದರು, ಹುಡುಗಿಯರು ನಾವು ನಾಲ್ವರೇ. ಸರ್ ಬಾಯಲ್ಲಿ ಸೀಟಿ ಇಟ್ಟುಕೊಂಡದ್ದು ಕಂಡಿತು. ಅಷ್ಟರಲ್ಲಿ ಯಾರೋ ನನ್ನ ರಟ್ಟೆ ಹಿಡಿದು ಸಾಲಿನಿಂದ ಆಚೆ ಎಳೆದರು. ನೋಡಿದರೆ ಕಾಕು! ಕೈಯಲ್ಲಿ ತಾಟು, ತಾಟಿನಲ್ಲಿ ಅರಿಶಿನ, ಕುಂಕುಮ, ಜಂಪರ್ ಖಣ, ಅಕ್ಕಿ, ತೆಂಗಿನಕಾಯಿ.

"ಇಷ್ಟು ದಿನ ಸುಮ್ನ ಇಳಿದಿ, ನಡೀತು. ಇವತ್ತ ಗಂಗವ್ವನ ಹಂತ್ಯಾಕ ಬೇಡಾಕ ಹೊಂಟೀದಿ. ಬರಿಗೈಲೆ ಹೋಗ್ತೀಯೇನು?"

ಸರ್ ಸೀಟಿ ಊದಿಯೇಬಿಟ್ಟರು. ಎಲ್ಲರೂ ಧಡಧಡ ನೀರಿಗೆ ಬಿದ್ದರು. ನಾನು ಬಿಡಿಸಿಕೊಳ್ಳಲು ನೋಡಿದರೆ ಹಿಡಿತ ಬಿಗಿ. ಸರ್ ಅಲ್ಲಿಂದಲೇ ಕೂಗುತ್ತಿದ್ದಾರೆ. ಕಾಕು ಅವರಿಗೂ ಒಂದು ಮಾತು ಬಿಸಾಕಿದರು, "ತಡ್ರಿ ಸರ, ಉಡಿ ತುಂಬಿ ಬರ್ತಾಳ. ನೀರೇನ ಓಡಿ ಹೋಗೂದಿಲ್ಲ." ನಾನು ಅಳುತ್ತ ಬೈಯುತ್ತ ಹೊಳೆಗೆ ಅರಿಶಿನ ಕುಂಕುಮ ಹಾಕಿದೆ, ಖಣ, ಅಕ್ಕಿ, ಕಾಯಿ ಬಿಟ್ಟು ಗಂಗವ್ವನ ಉಡಿ ತುಂಬಿದೆ, ಕೈ ಮುಗಿದೆ. ನನ್ನ ಸೈಕಲ್ ಹೋಯಿತು ಅಂತಲೇ ಅಂದುಕೊಂಡು ನೀರಿಗಿಳಿದೆ.

ಇಳಿದ ಮೇಲೆ ಗೊತ್ತಾಯಿತು. ಸುತ್ತ ಯಾರೂ ಇರಲಿಲ್ಲ. ಯಾರ ಕಾಲೂ ಮುಖಕ್ಕೆ ತಾಗಲಿಲ್ಲ, ಯಾರ ಕೈಯೂ ಹೆಗಲಿಗೆ ಬಡಿಯಲಿಲ್ಲ. ಗದ್ದಲವೆಲ್ಲ ದೂರ ಮುಂದೆ ಹೋಗಿತ್ತು, ನನ್ನ ಪಾಲಿಗೆ ದಿನಾ ಬೆಳಗಿನ ಅದೇ ತೆಪ್ಪಗಿನ ನೀರು ಉಳಿದಿತ್ತು. ಅರ್ಧದಲ್ಲಿ ಒಮ್ಮೆ ಕೈ ನಿಲ್ಲಿಸಿ ಬರೀ ತೇಲಿದೆ. ದೋಣಿಯವನು ಹತ್ತಿರ ಬಂದು "ಹತ್ತತೀಯೇನವಾ?" ಅಂದ. ಬೇಡ ಅಂದೆ. ಹಾಗಂದದ್ದು ನಾನೇ ಏನು ಎಂದು ನನಗೇ ಅನುಮಾನ ಬಂತು. ಎಲ್ಲರಿಗಿಂತ ಕಡೆಗೆ ದಡ ಹತ್ತಿದೆ, ಆದರೆ ನನ್ನ ಕಾಲ ಮೇಲೆ ಹತ್ತಿದೆ.

ಮುಂದಿನದು ನನ್ನ ರಾಜ್ಯ. ತುಳಸಿಗೇರಿ ದಾರಿಯಲ್ಲಿ ಎದುರುಗಾಳಿ ಇತ್ತು, ಆದರೂ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಹೋದೆ. ಓಟದಲ್ಲಿ ಹೊಟ್ಟೆ ಹಿಡಿದುಕೊಂಡಿತು, ಸೊಟ್ಟಸೊಟ್ಟ ಓಡಿ ಮುಟ್ಟಿದೆ. ಹುಡುಗಿಯರಲ್ಲಿ ಎರಡನೆಯವಳು. ಸರ್ ಸೈಕಲ್ಲಿನ ಸೀಟು ತಟ್ಟಿ ನನ್ನ ಕಡೆ ತಳ್ಳಿದರು. ಅಂಥ ಸಂತೋಷ ಆಮೇಲೆ ಬಹಳ ಸಲ ಸಿಕ್ಕಿಲ್ಲ ನನಗೆ.

ಕಾಕುಗೆ ಹೇಳಬೇಕೆಂದು ಹುಡುಕಿದರೆ ದಡದಲ್ಲಿ ಅವರ ಚಪ್ಪಲಿ, ಖಾಲಿ ತಾಟು ಅಷ್ಟೇ ಇದ್ದವು. ನೀರಿನ ಕಡೆಯಿಂದ ದೋಣಿಯವನ ಕೂಗು ಕೇಳಿಸಿತು, "ಯಕ್ಕಾ, ಹೊಳ್ಳಿ ಬರ್ರಿ, ಸಾಕು!" ಕಾಕು ಕಚ್ಚೆ ಬಿಗಿದುಕೊಂಡು ನಡುನೀರಿನಲ್ಲಿ ಈಸುತ್ತಿದ್ದರು. ದೋಣಿ ಅವರ ಹಿಂದೆ, ಅವರು ಆ ಕೂಗನ್ನು ಕಿವಿಗೇ ಹಾಕಿಕೊಳ್ಳದೆ ಮುಂದೆ. ಕೈ ಎತ್ತಿ ಹಾಕುವ ಆ ಸರಾಗ ನನಗೆ ಇವತ್ತಿಗೂ ಬಂದಿಲ್ಲ. ನೆರೆದ ಮಂದಿಯಲ್ಲಿ ಕೆಲವರು ನಕ್ಕದ್ದು ನಿಜ. ನಾನು "ಕಾಕು, ಮುಟ್ಟಿದೆ! ಸೈಕಲ್ ಉಳೀತು!" ಎಂದು ಕೂಗಿದೆ. ಅವರು ಅಂಗಾತ ಹೊರಳಿ, "ಚಲೋ ಆತು. ಅಲ್ಲೇನ ನಿಂತೀ, ಬಾ ಒಳಗ" ಅಂದರು. ಹೋದೆ. ಸ್ಪರ್ಧೆಗೂ ಅಲ್ಲದೆ, ಪಾಠಕ್ಕೂ ಅಲ್ಲದೆ ನಾನು ನೀರಿಗಿಳಿದದ್ದು ಅದೇ ಮೊದಲು.

ನನ್ನ ಭಯ ತಿಳಿದೇ ಕಾಕು ತಡ ಮಾಡಿಸಿದರೇ? ಒಮ್ಮೆ ಕೇಳಿದ್ದೆ. "ಹುಚ್ಚಿ, ಕಾಯಿ ತರಾಕ ತಡ ಆಗಿತ್ತು" ಅಂದುಬಿಟ್ಟರು. ಅದೇ ಖರೆ ಇರಬೇಕು.

ಮುಂದೆ ಮೊಳಕಾಲು ನೋಯತೊಡಗುವ ತನಕ ಕಾಕು ಈಜು ಬಿಡಲಿಲ್ಲ. ಅವರ ಗಂಡ ಕಾಕಾ ತೀರಿಕೊಂಡ ಮೇಲೆ ಇಳಕಲ್ಲಿನ ಮಗಳ ಮನೆಗೆ ಹೋದರು. ನನಗೆ ಹುನಗುಂದದಲ್ಲಿ ನೌಕರಿ, ನಡುನಡುವೆ ಹೋಗಿ ಮಾತಾಡಿಸಿ ಬರುತ್ತಿದ್ದೆ. "ಇಲ್ಲಿ ಎಲ್ಲಾ ಚಲೋ ಐತಿ, ಈಸಾಕ ನೀರೊಂದ ಇಲ್ಲ ನೋಡು" ಎಂದಿದ್ದರು. ಮಳೆಗಾಲ ಮುಗಿದು ಹಿನ್ನೀರು ತುಂಬಿದ ಮೇಲೆ ಬಂದು ಕರೆದೊಯ್ಯುತ್ತೇನೆ ಅಂದೆ. ಅಷ್ಟರೊಳಗೆ...

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ನೀರು ತುಂಬಿ ದಡದ ಜಾಲಿಗಿಡಗಳ ತನಕ ಬಂದು ನಿಂತಿತು. ನಾನೊಬ್ಬಳೇ ಹೋಗಿ, ಅತ್ತು, ಈಸಿ ಬಂದೆ. ಈಗ ಮತ್ತೆ ನವನಗರಕ್ಕೇ ಬಂದಿದ್ದೇನೆ, ರಜೆಯಿದ್ದಾಗ ಮಗಳನ್ನೂ ಕರೆದುಕೊಂಡು ಹೋಗುತ್ತೇನೆ. ನೋಡಿದವರು ಚೆನ್ನಾಗಿ ಈಸುತ್ತೀರಿ ಅನ್ನುತ್ತಾರೆ. ಕಾಲು ಇನ್ನೂ ಜಾಸ್ತಿ ಬಡಿಯುತ್ತೇನೆ, ನನಗೆ ಗೊತ್ತು. ಅದಕ್ಕೆ ಬೈಯುವವರು ಈಗ ಇಲ್ಲ.