ರಕ್ಕಸಿಯ ಮಾತು ಕಲಿಸಿದ ಟೀಚರ್

ನಗುವಾಗ ಟೀಚರ್ ಬಾಯಿಗೆ ಕೈ ಅಡ್ಡ ಇಡುತ್ತಿರಲಿಲ್ಲ. ಮೇಲಿನ ಸಾಲಿನಲ್ಲಿ ಹಲ್ಲೊಂದು ಇರಲಿಲ್ಲ. ಆ ಸಂದಿಯನ್ನೂ ಎಲೆಯಡಿಕೆಗೆ ಕೆಂಪಾದ ನಾಲಗೆಯನ್ನೂ ತೋರಿಸಿಕೊಂಡು, ಕತ್ತು ಹಿಂದಕ್ಕೆ ಚೆಲ್ಲಿ ನಗುತ್ತಿದ್ದರು. ಹೆಣ್ಣುಮಕ್ಕಳು ನಕ್ಕರೆ ಸದ್ದು ಬರಬಾರದೆಂದು ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತ ನನಗೆ ಮೊದಮೊದಲು ಅವರ ಎದುರು ಕೂರಲು ಮುಜುಗರವಾಗುತ್ತಿತ್ತು.

ಕಾರ್ಕಳದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದ ಮೇಲೆ ಅವರು ಪರ್ಕಳದಲ್ಲಿ, ನಮ್ಮ ಹಿಂದಿನ ಬೀದಿಯಲ್ಲಿ ಮನೆ ಮಾಡಿದ್ದರು. ಮದುವೆಯಾಗಿರಲಿಲ್ಲ. ಶನಿವಾರ ಮಧ್ಯಾಹ್ನ ನಮ್ಮಂಥ ಗೃಹಿಣಿಯರನ್ನು ಸೇರಿಸಿ ತಾಳಮದ್ದಳೆ ಕಲಿಸುತ್ತಿದ್ದರು. ಯಕ್ಷಗಾನದ್ದೇ ಕತೆ, ಯಕ್ಷಗಾನದ್ದೇ ಪದ, ಆದರೆ ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಕುಳಿತವರು ಪಾತ್ರವಾಗಿ ಮಾತಾಡಬೇಕು. ಬರೆದಿಟ್ಟ ಮಾತೂ ಇಲ್ಲ. "ಎದುರಿನವರು ಎಂತ ಕೇಳಿದರೂ ಉತ್ತರ ಕೊಡಲೇಬೇಕು. ಕೊಡದೆ ಏಳುವ ಹಾಗಿಲ್ಲ" ಎನ್ನುವುದು ಟೀಚರ್ ಹೇಳಿಕೊಟ್ಟ ಮೊದಲ ಪಾಠ.

ಒಂದು ವರ್ಷ ನಮ್ಮ ಬಡಾವಣೆಯ ಸಮಿತಿಯವರು ವಾರ್ಷಿಕೋತ್ಸವಕ್ಕೆ ಮಹಿಳೆಯರ ತಾಳಮದ್ದಳೆ ಬೇಕೆಂದರು. ಟೀಚರ್ ಆರಿಸಿದ್ದು ಕಾಡಿನಲ್ಲಿ ರಾಜಕುಮಾರನನ್ನು ಕಂಡು ಮೆಚ್ಚಿ, ಬಾಯಿಬಿಟ್ಟು ಕೇಳಿ, ಮೂಗು ಕೊಯ್ಸಿಕೊಂಡ ರಕ್ಕಸಿಯ ಕತೆಯನ್ನು. ರಾಜಕುಮಾರನ ಪಾತ್ರ ಹುಬ್ಬಳ್ಳಿ ಕಡೆಯಿಂದ ಬಂದು ನೆಲೆಸಿದ್ದ ಗೆಳತಿಯೊಬ್ಬರಿಗೆ ಹೋಯಿತು. ರಕ್ಕಸಿ ಯಾರಿಗೂ ಬೇಡ. ಟೀಚರ್ ನನ್ನತ್ತ ನೋಡಿದರು.

"ನನ್ನಿಂದ ಆಗುವುದಿಲ್ಲ ಟೀಚರ್."

"ಎಂತ ಆಗುವುದಿಲ್ಲ? ಕೋರೆಹಲ್ಲು ಇಲ್ಲ ಅಂತಲಾ? ಹಲ್ಲಿನ ವಿಷಯ ನನ್ನ ಹತ್ತಿರ ಮಾತಾಡಬೇಡ ಮಾರಾಯ್ತಿ" ಎಂದು ನಕ್ಕರು. ಆಮೇಲೆ ಗಂಭೀರರಾದರು. "ಯಕ್ಷಗಾನದ ಆಟದಲ್ಲಿ ಅವಳು ರಂಗಕ್ಕೆ ಬರುವುದನ್ನು ನೋಡಿದ್ದೀಯಲ್ಲ? ಮುಖಕ್ಕೆ ಕಪ್ಪು ಬಳಿದು, ಎದೆಯನ್ನು ಕೊಡಪಾನದಷ್ಟು ಮಾಡಿ ಕಟ್ಟುತ್ತಾರೆ. ಅವಳು ತಲೆ ಬಾಚಿಕೊಂಡರೆ ಜನ ಬಿದ್ದು ಬಿದ್ದು ನಗುವುದು. ಅದು ತಮಾಷೆ ಅಲ್ಲ, ಹೆದರಿಕೆ. ನಮ್ಮ ಕತೆಗಳಲ್ಲಿ ಬಯಸಿದ ಹೆಂಗಸು ಒಂದೋ ರಕ್ತ ಕುಡಿಯುತ್ತಾಳೆ, ಇಲ್ಲ ಅವಳ ಮೈಯೆಲ್ಲ ವಿಷ. ದೇವಸ್ಥಾನದ ಗೋಡೆಯಲ್ಲಿ ಕಲ್ಲಿನ ಹೆಣ್ಣಿಗೆ ಬಟ್ಟೆ ಇಲ್ಲದಿದ್ದರೂ ಕೈಮುಗಿದು ಸುತ್ತು ಬರುತ್ತಾರೆ. ಯಾಕೆ ಹೇಳು? ಅವಳು ಬಾಯಿ ಬಿಡುವುದಿಲ್ಲ, ಅದಕ್ಕೆ."

ಕಾರ್ಯಕ್ರಮಕ್ಕೆ ವಾರವಿರುವಾಗ ಸಮಿತಿಯ ಅಧ್ಯಕ್ಷರು ಟೀಚರ ಮನೆಗೆ ಬಂದರು. ನಾನು ಅಲ್ಲಿಯೇ ಇದ್ದೆ. ಚಹಾದ ಲೋಟವನ್ನು ತಿರುಗಿಸಿ ತಿರುಗಿಸಿ, ಅದರ ಅಂಚನ್ನೇ ನೋಡುತ್ತಾ ಹೇಳಿದರು: "ಆ ಪ್ರೀತಿ ಪ್ರೇಮದ ಭಾಗ ಬಿಟ್ಟುಬಿಡುವ ಟೀಚರ್. ಮೂಗು ಕೊಯ್ದಲ್ಲಿಂದ ಶುರು ಮಾಡಿದರೆ ಒಳ್ಳೆಯದಲ್ವಾ? ಮಕ್ಕಳೆಲ್ಲ ಇರ್ತಾರೆ."

"ಮೂಗು ಕೊಯ್ಯುವುದನ್ನು ಮಕ್ಕಳು ಕೇಳಬಹುದಾ?"

"ಅದು ಪುರಾಣದಲ್ಲಿ ಉಂಟಲ್ಲ!"

"ಅವಳು ಕೇಳಿದ್ದೂ ಅದೇ ಪುರಾಣದಲ್ಲಿ ಉಂಟು. ಕೇಳಿದ್ದನ್ನು ಮುಚ್ಚಿಟ್ಟು ಕೊಯ್ದದ್ದನ್ನು ಮಾತ್ರ ತೋರಿಸುವುದು ಯಾವ ನ್ಯಾಯ?"

"ಹಾಗಾದರೆ ಸಭಾಭವನ ಕೊಡಲಿಕ್ಕೆ ಕಷ್ಟ."

"ಬೇಡ. ನನ್ನ ಮನೆಯ ಚಾವಡಿ ಉಂಟು."

ಅವರು ಹೋದ ಮೇಲೆ ಟೀಚರ್ ಲೋಟ ತೊಳೆಯುತ್ತಾ, ನನಗೆ ಬೆನ್ನು ಮಾಡಿಕೊಂಡೇ ಹೇಳಿದರು. "ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಒಬ್ಬರ ಹತ್ತಿರ ಕೇಳಿದ್ದೆ, ನನ್ನನ್ನು ಮದುವೆಯಾಗ್ತೀರಾ ಅಂತ. ಬೇಡ ಅಂದಿದ್ದರೆ ಆಗುತ್ತಿತ್ತು. ಅವರು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿ ನಗಾಡಿದರು. ನಾನು ಒಳಗೆ ಹೋದರೆ ಗಂಡಸರೆಲ್ಲ ಮೂಗು ಮುಟ್ಟಿಕೊಳ್ಳುವುದು. ಪೆರ್ಡೂರಿಗೆ ವರ್ಗ ಮಾಡಿಸಿಕೊಂಡೆ. ರಕ್ಕಸಿ ಅನ್ನುವ ಹೆಸರು ಅಲ್ಲಿಗೂ ಬಂತು." ಲೋಟವನ್ನು ಬೋರಲು ಹಾಕಿ ತಿರುಗಿದರು. "ಒಮ್ಮೆ ಅವಳ ಮಾತನ್ನು ಪೂರ್ತಿ ಕೇಳಬೇಕು ಅಂತ ನನಗೆ ಆಸೆ. ನೀನು ಹೇಳ್ತೀಯಾ?"

ನಾನು ಹೂಂ ಎಂದೆ.

ಮನೆಯಲ್ಲಿ ಅತ್ತೆ ತುಳುವಿನಲ್ಲಿ ಗದರಿದರು: "ನಾಲ್ಕು ಜನರ ಎದುರು ಗಂಡಸು ಬೇಕು ಅಂತ ಹೇಳುವುದಾ? ಸೀತೆಯಂಥ ಪಾತ್ರ ಯಾವುದೂ ಸಿಗಲಿಲ್ಲವಾ ನಿನಗೆ?" ನಾನು ಅತ್ತೆಗೆ ಎದುರಾಡಿದವಳಲ್ಲ. ಅಂದೂ ದನಿ ಏರಿಸಲಿಲ್ಲ. "ಒಪ್ಪಿಕೊಂಡಿದ್ದೇನೆ ಅತ್ತೆ. ಹೇಳುತ್ತೇನೆ" ಎಂದೆ.

ಭಾನುವಾರ ಮಧ್ಯಾಹ್ನ ಚಾವಡಿ ತುಂಬಿ, ಕೆಲವರು ಮೆಟ್ಟಿಲಲ್ಲೂ ಕುಳಿತಿದ್ದರು. ಅಧ್ಯಕ್ಷರು ಬರಲಿಲ್ಲ, ಅವರ ಹೆಂಡತಿ ಬಂದಿದ್ದರು. ಕೊನೆಯ ಸಾಲಿನಲ್ಲಿ ಚೀಲ ಮಡಿಲಲ್ಲಿಟ್ಟುಕೊಂಡು ನಮ್ಮ ಅತ್ತೆ. ಟೀಚರೇ ಭಾಗವತರಾಗಿ ತಾಳ ಹಿಡಿದು ಪದ ಹಾಡಿದರು. ನಾನು ರಕ್ಕಸಿಯಾಗಿ ಕೇಳಿದೆ: "ನಿನ್ನನ್ನು ನೋಡಿದೆ, ಮನಸ್ಸಾಯಿತು, ಅದನ್ನು ನಿನಗೇ ಹೇಳಿದೆ. ಬೇಡವೆನ್ನುವ ಹಕ್ಕು ನಿನಗಿದೆ. ಬೇಕೆನ್ನುವ ಹಕ್ಕು ನನಗೇಕಿಲ್ಲ? ನಾನು ಬಾಣ ಹೂಡಿ ಬಂದೆನೇ? ಬರೀ ಮಾತಿಗೆ ನಿನ್ನ ಕೈ ಕತ್ತಿಯ ಮೇಲೆ ಯಾಕೆ ಹೋಯಿತು?"

ರಾಜಕುಮಾರ ಉತ್ತರಿಸಬೇಕು. ಗೆಳತಿ ಕುಲಧರ್ಮವೆಂದು ಶುರುಮಾಡಿದರು, ಲೋಕನೀತಿ ಎಂದರು, ಎರಡನ್ನೂ ಅರ್ಧಕ್ಕೇ ಬಿಟ್ಟರು. ಉತ್ತರ ಕೊಡದೆ ಏಳುವ ಹಾಗಿಲ್ಲ. ಕೊನೆಗೆ ತಮ್ಮ ಊರಿನ ಮಾತಿನಲ್ಲೇ ಹೇಳಿಬಿಟ್ಟರು: "ಬ್ಯಾಡ ಅಂದಿದ್ರ ಸಾಕಿತ್ತವಾ. ಕತ್ತಿ ಯಾಕ ತಗೊಂಡ್ವಿ ಅಂತ ನಮಗೂ ತಿಳೀವಲ್ದು. ಅಂಜಿದ್ವಿ ಅಂತ ಕಾಣ್ತದ."

ಮುಂದಿನದು ಮೂಗು ಕೊಯ್ಯುವ ಪದ. ಟೀಚರ ಕೈಯಲ್ಲಿ ತಾಳ ಹಾಗೆಯೇ ನಿಂತಿತ್ತು. ತಾಳಮದ್ದಳೆಯಲ್ಲಿ ಕತೆಯನ್ನು ಎಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸುವುದು ಭಾಗವತರು. ಅವರು ಆ ಪದ ಎತ್ತಲಿಲ್ಲ. ಕಣ್ಣು ಮುಚ್ಚಿ ಮಂಗಳ ಹಾಡಿದರು.

ಮನೆಗೆ ನಡೆದು ಬಂದು ಗೇಟು ತೆರೆಯುತ್ತಾ ಅತ್ತೆ, "ಆ ಹುಡುಗಿ ಪಾಪ, ಕೇಳಿದ್ದಷ್ಟೇ ಅಲ್ವಾ" ಎಂದರು. ರಕ್ಕಸಿಯನ್ನು ಹುಡುಗಿ ಎಂದು ಯಾರಾದರೂ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಕಳೆದ ಮಳೆಗಾಲದಲ್ಲಿ ಮಣಿಪಾಲದ ಆಸ್ಪತ್ರೆಯಲ್ಲಿ ಟೀಚರ್ ತೀರಿಕೊಂಡರು. ಶನಿವಾರದ ತರಗತಿ ಈಗ ನಮ್ಮ ಮನೆಯ ಹಾಲಿನಲ್ಲಿ ನಡೆಯುತ್ತದೆ. ಭಾಗವತಿಕೆಯನ್ನು ಕಷ್ಟಪಟ್ಟು ಕಲಿತು ನಾನೇ ತಾಳ ಹಿಡಿಯುತ್ತೇನೆ. ಮೊನ್ನೆ ಕಾಪುವಿನಿಂದ ಒಂದು ಸಂಘದವರು ಫೋನ್ ಮಾಡಿ, ಅದೇ ಕತೆ ಆಗಬಹುದು, ಆದರೆ ಸ್ವಲ್ಪ ಕತ್ತರಿಸಿ ಎಂದರು.

"ಅವಳು ಅವನನ್ನು ನೋಡಿದಲ್ಲಿಂದ ಶುರು ಮಾಡುತ್ತೇವೆ. ಎಲ್ಲಿ ನಿಲ್ಲಿಸುವುದು ಅಂತ ಅಲ್ಲಿ ನೋಡುವ" ಎಂದೆ.