ಹನ್ನೊಂದು ಬೇಸಿಗೆಗಳ ಗೈರುಹಾಜರಿ

"ಅಮ್ಮಾ, ಮೀರು ಇಕ್ಕಡ ಎನ್ನಿ ರೋಜುಲು ಲೇರು?"

ವಿಶಾಖಪಟ್ಟಣದ ಮಂಡಲ ಕಚೇರಿಯ ಗುಮಾಸ್ತರು ಹೀಗೆ ಕೇಳಿದಾಗ ನಾನು ಕೈಯಲ್ಲಿದ್ದ ಕಾಗದಗಳನ್ನು ತಿರುವಿ ಹಾಕತೊಡಗಿದೆ. ಪ್ರಶ್ನೆ ಅರ್ಥವಾಗಲಿಲ್ಲ ಅಂತಲ್ಲ. ಹನ್ನೆರಡು ವರ್ಷ ತೆಲುಗರ ನಡುವೆ ಇದ್ದವಳಿಗೆ ಅಷ್ಟೂ ತಿಳಿಯದೇ? ನೀವು ಇಲ್ಲಿ ಎಷ್ಟು ದಿನ ಇರಲಿಲ್ಲ ಅಂತ ಕೇಳುತ್ತಿದ್ದರು. ಎಷ್ಟು ದಿನ ಇದ್ದೀರಿ ಅಂದಿದ್ದರೆ ಉತ್ತರ ಬಾಯಿಪಾಠವಾಗಿತ್ತು. ಇಲ್ಲದ ದಿನಗಳನ್ನು ಯಾರಾದರೂ ಬರೆದಿಟ್ಟುಕೊಳ್ಳುತ್ತಾರೆಯೇ? ನನ್ನ ಹಿಂದೆ ನಿಂತಿದ್ದ ಮಗಳು ವೈಶಾಲಿ ನನ್ನ ಸೆರಗು ಜಗ್ಗಿದಳು. ಏನಾದರೂ ಹೇಳು ಅಂತ.

ಊರಲ್ಲಿರುವ ನಿಮಗೆ ಇದು ವಿಚಿತ್ರ ಅನ್ನಿಸಬಹುದು. ಧಾರವಾಡದಲ್ಲಿ ಹುಟ್ಟಿ ಬೆಳೆದವಳನ್ನು, ನೀನು ಇಲ್ಲಿಯವಳು ಅಂತ ರುಜುವಾತು ಕೊಡು ಎಂದು ಯಾರೂ ಕೇಳುವುದಿಲ್ಲ. ಬ್ಯಾಂಕಿನವರ ಕೈಹಿಡಿದು ಊರೂರು ಸುತ್ತುವವರಿಗೆ ಮಾತ್ರ ಈ ಪಾಡು. ನಾವು ಎಂಬತ್ತನಾಲ್ಕರ ಫೆಬ್ರವರಿಯಲ್ಲಿ ವಿಜಯವಾಡಕ್ಕೆ ಬಂದೆವು. ಆರು ವರ್ಷದ ಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಈಗ ತೊಂಬತ್ತಾರು. ವೈಶಾಲಿಗೆ ಮೆಡಿಕಲ್ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ರ‍್ಯಾಂಕು ಬಂದಿತ್ತು. ಸೀಟು ಹಂಚಲು ಮೂರೇ ವಾರ ಉಳಿದಿತ್ತು. ಆದರೆ ಅವಳು ಈ ರಾಜ್ಯದವಳು ಅನ್ನುವ ಒಂದು ಕಾಗದ ಇರಲಿಲ್ಲ.

ಸ್ಥಳೀಯಳು ಅನ್ನಿಸಿಕೊಳ್ಳಲು ಕೊನೆಯ ನಾಲ್ಕು ವರ್ಷ ಬಿಡದೆ ಇಲ್ಲೇ ಓದಿರಬೇಕು. ಅವಳು ಒಂಬತ್ತನೇ ಇಯತ್ತೆ ಓದಿದ್ದು ಧಾರವಾಡದಲ್ಲಿ. ಯಾಕೆ? ನನ್ನಿಂದ. ಇಷ್ಟು ವರ್ಷದ ಮೇಲೆ ಎರಡನೇ ಸಲ ಬಸುರಿಯಾಗಿ, ಬಾಣಂತನಕ್ಕೆ ತವರಿಗೇ ಹೋಗಬೇಕು ಅಂತ ಹಟ ಹಿಡಿದೆ. ಇವಳನ್ನೂ ಕಟ್ಟಿಕೊಂಡು ಹೋಗಿ ಅಲ್ಲಿನ ಶಾಲೆಗೆ ಹಾಕಿದೆ. ಕನ್ನಡ ಓದಲು ಬರೆಯಲು ಕಲಿತಾಳು ಅನ್ನುವ ಆಸೆ ಬೇರೆ. ಆ ಒಂದು ವರ್ಷ ಈಗ ಅವಳ ಕುತ್ತಿಗೆಗೆ ಬಂದಿತ್ತು. ಕರ್ನಾಟಕಕ್ಕೆ ಹೋಗೋಣ ಅಂದರೆ ಅಲ್ಲಿ ಏಳು ವರ್ಷ ಓದಿರಬೇಕಂತೆ, ಇವಳದು ಎಲ್ಲ ಸೇರಿ ಮೂರು. ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಉಳಿದದ್ದು ಒಂದೇ ಸಣ್ಣ ಬಾಗಿಲು. ಮಗು ಇಲ್ಲವೇ ತಂದೆತಾಯಿಗಳಲ್ಲಿ ಒಬ್ಬರು ಒಟ್ಟು ಹತ್ತು ವರ್ಷ ಈ ರಾಜ್ಯದಲ್ಲಿ ವಾಸವಿದ್ದರೆ ಕೆಲವು ಸೀಟುಗಳಿಗೆ ಅರ್ಜಿ ಹಾಕಬಹುದು. ಹೊರಗಿದ್ದ ಕಾಲ ಕಳೆಯಬೇಕು. ವೈಶಾಲಿ ಮೊದಲೆರಡು ಇಯತ್ತೆ ಅಜ್ಜಿಯ ಹತ್ತಿರವೇ ಇದ್ದವಳು, ಅವಳದು ಒಂಬತ್ತಕ್ಕೇ ನಿಂತಿತು. ನಮ್ಮವರು ನಡುವೆ ನಾಲ್ಕು ವರ್ಷ ನಾಗಪುರದ ಶಾಖೆಯಲ್ಲಿದ್ದರು, ಅವರದು ಎಂಟು ಚಿಲ್ಲರೆ. ಬಾಣಂತನದ ವರ್ಷ ಕಳೆದರೂ ಹನ್ನೊಂದು ವರ್ಷ ನಾಲ್ಕು ತಿಂಗಳು ಉಳಿಯುತ್ತಿದ್ದುದು ನನಗೊಬ್ಬಳಿಗೇ. ಈ ಊರು ಎಂದೂ ಬೇಡವಾಗಿದ್ದ ನನಗೆ!

ಗುಮಾಸ್ತರು ಬೆರಳು ಮಡಚಿದರು. "ಬೇಸಿಗೆ ರಜೆಗೆ ಎಲ್ಲಿ ಹೋಗುತ್ತಿದ್ದಿರಿ?"

"ಊರಿಗೆ," ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ವರ್ಷಕ್ಕೆ ಎರಡು ತಿಂಗಳಂತೆ ಹನ್ನೊಂದು ಬೇಸಿಗೆ. ಅದನ್ನೂ ಕಳೆದರೆ ಹತ್ತಕ್ಕೆ ಆರು ತಿಂಗಳು ಕಡಿಮೆ.

"ರೇಷನ್ ಕಾರ್ಡು?"

ಅಲ್ಲಿ ಸಿಕ್ಕಿಬಿದ್ದೆ. ವರ್ಗದ ಮೇಲೆ ತಿರುಗುವ ನಮ್ಮಂಥವರ ಒಂದು ಹುಚ್ಚಿದೆ. ಎರಡು ವರ್ಷಕ್ಕೆ ವಾಪಸು ಹೋಗುವವರು ತಾನೇ ಅಂದುಕೊಂಡು ಹೆಸರನ್ನು ಊರಿನ ಕಾರ್ಡಿನಲ್ಲೇ ಬಿಟ್ಟು ಬರುತ್ತೇವೆ. ಬ್ಯಾಂಕಿನ ಹೆಂಗಸರೆಲ್ಲ ಸೇರಿದಾಗ ಅದನ್ನೊಂದು ದೊಡ್ಡಸ್ತಿಕೆಯಾಗಿ ಹೇಳಿಕೊಳ್ಳುತ್ತಿದ್ದವಳು ನಾನೇ. ಹನ್ನೆರಡು ವರ್ಷ ಇಲ್ಲಿ ಅನ್ನ ಬೇಯಿಸಿದೆ, ಕಾಗದದ ಮೇಲೆ ಮಾತ್ರ ಧಾರವಾಡದಲ್ಲೇ ಉಣ್ಣುತ್ತಿದ್ದೆ.

ಗುಮಾಸ್ತರು ಕೆಟ್ಟವರಲ್ಲ. ಮೊದಲು ಧಾರವಾಡದ ಕಾರ್ಡಿನಿಂದ ಹೆಸರು ತೆಗೆಸಿ, ಆಮೇಲೆ ವಿಜಯವಾಡದ ಆರು ವರ್ಷಕ್ಕೆ ಹಳೆಯ ಮನೆಯೊಡೆಯರ ಹೇಳಿಕೆ ತನ್ನಿ, ಅಲ್ಲಿನ ಕಚೇರಿಯವರು ಮನೆಗೆ ಬಂದು ವಿಚಾರಣೆ ಮಾಡುತ್ತಾರೆ, ಬೇಸಿಗೆಗಳನ್ನು ಕಳೆಯಬೇಕೋ ಬೇಡವೋ ಅವರ ವರದಿ ನೋಡಿ ಹೇಳುತ್ತೇವೆ ಎಂದರು. ಎಂವಿಪಿ ಕಾಲೋನಿಯ ಮನೆಗೆ ಬರುವತನಕ ವೈಶಾಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅವಳ ಜೊತೆ ಕೋಚಿಂಗಿಗೆ ಹೋಗುತ್ತಿದ್ದ ಹುಡುಗಿಯರು ಬೀದಿಯಲ್ಲಿ ಕೂಗಿ ಕರೆದರು. ಅವರಿಗೆ ತೆಲುಗಿನಲ್ಲಿ ನಗುನಗುತ್ತಲೇ ಉತ್ತರ ಕೊಟ್ಟಳು. ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು.

"ಗಾಬರಿ ಆಗಬ್ಯಾಡ, ಅವರು ಕೇಳಿದ್ದಕ್ಕ ಅಷ್ಟ ಉತ್ತರ ಹೇಳು," ಅಂದರು ನಮ್ಮವರು.

"ಅಲ್ರೀ, ಸುಳ್ಳು ಹೇಳಲೇನು? ಹುಡುಗಿ ನಸೀಬು ನನ್ನ ಬಾಯಾಗ ಐತಿ ಅಂದ್ರ ಗಾಬರಿ ಆಗೂದಿಲ್ಲೇನು?" ಅಂತ ಹರಿಹಾಯ್ದೆ. ಅವರಿಗೇನು, ನಾಲ್ಕು ವರ್ಷ ನಾಗಪುರದಲ್ಲಿ ಮೆಸ್ಸಿನ ಚಪಾತಿ ತಿಂದು ಆರಾಮಾಗಿದ್ದರು.

ತಮ್ಮನಿಗೆ ಫೋನು ಮಾಡಿ ಹೆಸರು ತೆಗೆಸಲು ಹೇಳಿದೆ.  "ಅಕ್ಕಾ, ಖರೇನ ತೆಗಸ್ಲೇನು?" ಅಂತ ಎರಡು ಸಲ ಕೇಳಿದ. ತೆಗಸಪ್ಪಾ ಅಂದೆ. ವಾರದೊಳಗೆ ಅಂಚೆಯಲ್ಲಿ ಕಾಗದ ಬಂತು. ಅದನ್ನು ಹಿಡಿದುಕೊಂಡು ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೊರಟೆ.

ವಿಜಯವಾಡ ಅಂದರೆ ನನಗೆ ಒನ್ ಟೌನು, ಒನ್ ಟೌನು ಅಂದರೆ ಪಾರ್ವತಮ್ಮ. ಅವರು ನಮ್ಮ ಮನೆಯೊಡತಿ. ಬಳ್ಳಾರಿಯ ಕನ್ನಡದ ಹುಡುಗಿ, ತೆಲುಗು ವ್ಯಾಪಾರಿಯ ಸೊಸೆಯಾಗಿ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಕೆಳಗೆ ಅವರ ಒಣಮೆಣಸಿನಕಾಯಿ ಸಗಟು ಅಂಗಡಿ, ಮೇಲೆ ನಾವು. ನಮ್ಮೂರಲ್ಲಿ ಬೆಳಿಗ್ಗೆ ಎದ್ದರೆ ತಂಪು ಗಾಳಿ, ಇಲ್ಲಿ ಎದ್ದರೆ ಸೀನು. ನಮ್ಮೂರಲ್ಲಿ ಜೋಳದ ರೊಟ್ಟಿ ಬಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಆ ಸದ್ದಿಗೆ ಅಂಗಡಿಯ ಆಳುಗಳು ಮೇಲೆ ಬಂದು ಏನು ರಿಪೇರಿ ಅಂತ ಕೇಳಿದ್ದರು. ಗೋಂಗುರ ಅಂದರೆ ನಮ್ಮ ಪುಂಡಿಪಲ್ಲೆಯೇ ಅಂತ ತಿಳಿಯಲು ನನಗೆ ವರ್ಷ ಬೇಕಾಯಿತು. ತಿಳಿಸಿದವರು ಪಾರ್ವತಮ್ಮ. ಅಂಥವರ ತೆಲುಗು ಬೆರೆತ ಕನ್ನಡವನ್ನು ನಾನು ಮುಖದ ಮೇಲೇ ಆಡಿಕೊಂಡಿದ್ದೆ. ಬಿಟ್ಟು ಹೊರಡುವ ದಿನ ಅವರು ಅರಿಶಿನ ಕುಂಕುಮ ಕೊಟ್ಟರೆ, "ಅಂತೂ ಈ ಊರಿನ ಋಣ ತೀರಿತು ನೋಡ್ರಿ," ಅಂತ ಕೈ ಝಾಡಿಸಿದ್ದೆ. ಆಮೇಲೆ ಒಂದು ಕಾರ್ಡೂ ಬರೆದಿರಲಿಲ್ಲ. ಹೀಗಿರುವಾಗ ಯಾವ ಮುಖ ಇಟ್ಟುಕೊಂಡು ಮೆಟ್ಟಿಲು ಹತ್ತಲಿ?

ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಪ್ರತಿ ಬೇಸಿಗೆಗೆ ಊರಿಗೆ ಹೊರಡುವಾಗ ನಾನು ಮನೆಯ ಕೀಲಿ ಕೊಡುತ್ತಿದ್ದುದು ಅವರ ಕೈಗೇ. ನನ್ನ ತುಳಸಿಗೆ ಎರಡು ತಿಂಗಳು ನೀರು ಹಾಕುತ್ತಿದ್ದವರು ಅವರೇ. ನಾನು ಎಷ್ಟು ದಿನ ಇರಲಿಲ್ಲ ಎಂಬುದು ಇಡೀ ಆಂಧ್ರದಲ್ಲಿ ಗೊತ್ತಿದ್ದದ್ದು ಅವರೊಬ್ಬರಿಗೆ.

ಅವರು ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. "ರಾ ಸುಮತೀ. ಋಣ ತೀರಿತಂದ್ಯಲ್ಲ, ಏನು ಬಾಕಿ ಬಿಟ್ಟು ಹೋಗಿದ್ದಿ ನಮ್ಮ ಇಂಟಿನಲ್ಲಿ?"

ರಾ ಅಂದರೆ ಬಾ, ಇಂಟಿ ಅಂದರೆ ಮನೆ, ಅದೇ ಅವರ ಕಲಬೆರಕೆ ಕನ್ನಡ. ನನಗೆ ದುಃಖ ಉಕ್ಕಿ ಬಂತು. ಅಲ್ಲೇ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಅವರು ಒಳಗೆ ಹೋಗಿ ಮಜ್ಜಿಗೆ ತಂದಿಟ್ಟರು. ಅವರ ಮನಸ್ಸಿನಲ್ಲಿ ಏನಿದೆ ಅನ್ನುವುದು ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ರೆವಿನ್ಯೂ ಇನ್‌ಸ್ಪೆಕ್ಟರು ಬಂದರು. ಕುರ್ಚಿಯಲ್ಲಿ ಕೂತು, ಎರಡು ಸಲ ಸೀನಿ, ಪೆನ್ನು ತೆಗೆದು ಪಾರ್ವತಮ್ಮನನ್ನು ಕೇಳಿದರು. ಈಕೆ ಆರು ವರ್ಷ ಬಿಡದೆ ಇಲ್ಲೇ ಇದ್ದರೇ?

"ಬಿಡದೆ ಎಲ್ಲಿ? ಪ್ರತಿ ಬೇಸಿಗೆಗೂ ಪುಟ್ಟಿಂಟಿಕಿ ಹೋಗುತ್ತಿದ್ದಳು," ಅಂದರು ಪಾರ್ವತಮ್ಮ ತೆಲುಗಿನಲ್ಲಿ. ಪುಟ್ಟಿಲ್ಲು ಅಂದರೆ ಹುಟ್ಟಿದ ಮನೆ, ನಮ್ಮ ತವರು.

 ಮುಗಿಯಿತು ವೈಶಾಲಿಯ ಡಾಕ್ಟರಿಕೆ ಅಂದುಕೊಂಡೆ.

ಪಾರ್ವತಮ್ಮ ಇನ್ನೂ ಮುಗಿಸಿರಲಿಲ್ಲ. "ಯಾಕೆ ಬಾಬೂ, ನಿಮ್ಮ ಹೆಂಡತಿ ಪುಟ್ಟಿಂಟಿಕಿ ಹೋಗುವುದಿಲ್ಲವೇ? ಹೋದರೆ ನಿಮ್ಮ ಮನೆ ಬಿಟ್ಟು ಹೋದಳು ಅಂತ ಬರೆದುಕೊಳ್ಳುತ್ತೀರಾ? ಮನೆ ಇರುವವಳೇ ಅಲ್ಲವೇ ಪುಟ್ಟಿಂಟಿಕಿ ಹೋಗುವುದು? ಕೀಲಿ ಕೊಟ್ಟು ಹೋದಳು, ತುಳಸಿಗೆ ನೀರು ಹಾಕಲು ಹೇಳಿ ಹೋದಳು, ಮತ್ತೆ ಬಂದಳು. ಬರೆದುಕೊಳ್ಳಿ."

ಇನ್‌ಸ್ಪೆಕ್ಟರು ನಕ್ಕರು. ನಕ್ಕು, ಪೆನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ಹಾಗಾದರೆ ನಿಮ್ಮ ಮನೆ ಇಲ್ಲಿ, ಧಾರವಾಡ ಬರೀ ಪುಟ್ಟಿಲ್ಲು, ಅಷ್ಟೇ ತಾನೇ ಅಮ್ಮಾ?

ಹನ್ನೆರಡು ವರ್ಷ ಎದುರು ಸಿಕ್ಕವರಿಗೆಲ್ಲ ಇದರ ಉಲ್ಟಾ ಹೇಳಿದ್ದೆ. ನಮ್ಮ ಮನಿ ಧಾರವಾಡದಾಗ ಅದ, ಇಲ್ಲಿ ಸುಮ್ಮ ಇದ್ದೀವಿ ಅಂತ.  ಪಾರ್ವತಮ್ಮ ನನ್ನನ್ನೇ ನೋಡುತ್ತಿದ್ದರು.

"ಅವುನಂಡಿ," ಅಂದೆ. ಹೌದು ಸಾರ್ ಅಂತ. ಅವರು ಬರೆದುಕೊಂಡು ನನ್ನ ಸಹಿ ಹಾಕಿಸಿದರು. 

ಬೀಳ್ಕೊಡುವಾಗ ಪಾರ್ವತಮ್ಮ ಮತ್ತೆ ಕುಂಕುಮ ಕೊಟ್ಟರು. "ಈಸಾರಿ ಋಣ ಗಿಣ ಅನಬೇಡ ತಲ್ಲೀ," ಅಂದರು. ಅವರ ಆ ಕನ್ನಡಕ್ಕೆ ನನಗೆ ನಗು ಬರಲಿಲ್ಲ. ಕಾಲಿಗೆ ಬಿದ್ದು ಬಂದೆ.

ಸರ್ಟಿಫಿಕೇಟು ಸೀಟು ಹಂಚುವುದಕ್ಕೆ ಎರಡು ದಿನ ಮೊದಲು ಕೈಗೆ ಬಂತು. ವೈಶಾಲಿ ವಿಶಾಖಪಟ್ಟಣದಲ್ಲೇ ಮೆಡಿಕಲ್ ಓದುತ್ತಿದ್ದಾಳೆ. ಎಲ್ಲ ಸರಿಹೋಯಿತು ಅಂತ ನೀವು ಅನ್ನಬಹುದು. ಆದರೆ ನನ್ನ ಹೆದರಿಕೆ ಹೋಗಿಲ್ಲ. ಚಿಕ್ಕವಳಿಗೆ ಈಗ ಮೂರು ದಾಟಿತು. ಅವಳ ಕಾಲಕ್ಕೆ ಯಾವ ನಿಯಮ ಬರುತ್ತದೋ, ಯಾವ ಕಿಟಕಿಯಲ್ಲಿ ಯಾರು ಏನು ಕೇಳುತ್ತಾರೋ! ಅದಕ್ಕೇ ಒಂದು ಡೈರಿ ಇಟ್ಟಿದ್ದೇನೆ. ರಾಜ್ಯದ ಗಡಿ ದಾಟಿದ ದಿನ, ವಾಪಸು ಬಂದ ದಿನ, ಎರಡನ್ನೂ ಬರೆಯುತ್ತೇನೆ.

ಈ ಸಲ ಬನ್ನಿಹಬ್ಬಕ್ಕೆ ಧಾರವಾಡಕ್ಕೆ ಹೋದೆ. ಊಟಕ್ಕೆ ಕೂತಾಗ ಅವ್ವ ಕೇಳಿದಳು.

"ಎಷ್ಟ್ ದಿನ ಇರ್ತಿ ಈ ಸರ್ತಿ?"

"ನಾಲ್ಕ ದಿನ ಅವ್ವಾ. ಆಮ್ಯಾಲೆ ಮನಿಗೆ ಹೋಗಬೇಕು."

ಅವ್ವ ಬಡಿಸುತ್ತಿದ್ದ ಕೈ ನಿಲ್ಲಿಸಿದಳು. ತಮ್ಮ ತಲೆ ಎತ್ತಿ ನೋಡಿದ. ಇಷ್ಟು ವರ್ಷ ಅಲ್ಲಿ ಕೂತು ವಿಶಾಖಪಟ್ಟಣವನ್ನು ನಾನು ಯಾವತ್ತೂ ಮನೆ ಅಂದವಳಲ್ಲ. ಅವ್ವ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಊಟ ಮುಗಿಸಿ, ಕೈ ತೊಳೆದು, ನಾನು ಹುಟ್ಟಿದ ಕೋಣೆಯಲ್ಲಿ ಕೂತು ಡೈರಿ ತೆಗೆದೆ. 'ಧಾರವಾಡ, ಗೈರುಹಾಜರಿ, ಒಂದನೇ ದಿನ' ಅಂತ ಬರೆದೆ.